ಹಿರಿಯರ ಮಾತಿನಾಟ: ಬನಹಟ್ಟಿಯಿಂದ ನಾವು ತಂದ ಪಾಠ



ಈ ಪುಟಗಳಲ್ಲಿ ನಾವು ಬೋರ್ಡೋ ದ್ರಾವಣದ ಹದ, ಕಾಯಿಕೊರಕದ ಹಾವಳಿ, ಸಾಲದ ಕಂತು, ಪೇಟೆಯ ಧಾರಣೆ ಇವುಗಳನ್ನೇ ಬರೆಯುವುದು ವಾಡಿಕೆ. ಈ ಸಲ ಆ ಯಾವುದಕ್ಕೂ ಸೇರದ, ಆದರೆ ನಮ್ಮ ಎಲ್ಲರ ಮನೆಯ ಜಗುಲಿಗೆ ಸೇರಿದ ಒಂದು ಸಂಗತಿಯನ್ನು ಬರೆಯಬೇಕೆನಿಸಿದೆ. ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ತೆರೆದು ನೋಡಿದರೆ ಹೆಚ್ಚಿನವರ ವಯಸ್ಸು ಅರವತ್ತನ್ನು ದಾಟಿದೆ. ಮಕ್ಕಳು ಬೆಂಗಳೂರಿನಲ್ಲಿ, ಕೆಲವರು ಅದಕ್ಕೂ ಆಚೆ. ತೋಟದ ಮನೆಯಲ್ಲಿ ಉಳಿದವರು ಇಬ್ಬರು. ಆ ಇಬ್ಬರಲ್ಲಿ ಒಬ್ಬರು ಹೋದರೆ ಉಳಿದವರಿಗೆ ಮಾತನಾಡಲು ನಾಯಿ ಮತ್ತು ಟೆಲಿವಿಷನ್. ಮರಕ್ಕೆ ರೋಗ ಬಂದರೆ ಸಂಘಕ್ಕೆ ಓಡಿ ಬರುತ್ತೇವೆ. ಮನೆಯ ಹಿರಿಯರ ಬಾಯಿಂದ ಮಾತು ಉದುರಿಹೋಗುತ್ತಿದ್ದರೆ ಅದನ್ನು ಯಾರಿಗೂ ಹೇಳುವುದಿಲ್ಲ.

ಕಳೆದ ಕಾಫಿ ಕುಯಿಲು ಮುಗಿದು, ಕಣದ ಲೆಕ್ಕವನ್ನೆಲ್ಲ ಒಪ್ಪಿಸಿದ ಮೇಲೆ ನಾವು ಮನೆಯವರೊಂದಿಗೆ ಬೀಗರ ಊರಾದ ಬನಹಟ್ಟಿಗೆ ಹೋಗಿದ್ದೆವು. ನಮ್ಮ ಮಗಳನ್ನು ಕೊಟ್ಟದ್ದು ಅಲ್ಲಿಯ ನೇಕಾರರ ಮನೆತನಕ್ಕೆ. ಎಂಟು ದಿನ ಇದ್ದೆವು. ಜಮಖಂಡಿ, ಮುಧೋಳ, ಬೀಳಗಿಯ ಕಡೆಯೂ ಒಂದು ಸುತ್ತು ಹಾಕಿದೆವು. ಕಬ್ಬು, ಜೋಳ, ದ್ರಾಕ್ಷಿ, ಬಿಸಿಲು. ನೆರಳಿನಲ್ಲೇ ಹುಟ್ಟಿ ಬೆಳೆದ ನಮಗೆ ಆ ಬಯಲು ಮೊದಲೆರಡು ದಿನ ಕಣ್ಣಿಗೆ ಕುಕ್ಕಿತು. ಆದರೆ ಆ ಊರಿನಿಂದ ನಾವು ಹೊತ್ತು ತಂದದ್ದು ಬೆಲ್ಲವೂ ಅಲ್ಲ, ಸೀರೆಯೂ ಅಲ್ಲ, ಒಂದು ಆಟ.

ಮಗ್ಗ ನಿಂತಾಗ

ರಬಕವಿ–ಬನಹಟ್ಟಿ ಜೋಡಿ ಊರುಗಳು. ಈಗ ತಾಲ್ಲೂಕು ಕೇಂದ್ರ. ನೇಯ್ಗೆಯೇ ಇಲ್ಲಿಯ ಉಸಿರು. ಒಂದು ಕಾಲಕ್ಕೆ ಕೈಮಗ್ಗ. ಈಗ ಓಣಿ ಓಣಿಗೂ ವಿದ್ಯುತ್ ಮಗ್ಗ. ಬೆಳಗಿನಿಂದ ರಾತ್ರಿಯವರೆಗೆ ಖಟಖಟ ಸದ್ದು. ಪಕ್ಕದಲ್ಲಿ ಕುಳಿತವರಿಗೆ ಒಂದು ಮಾತು ಹೇಳಬೇಕಾದರೆ ಕಿವಿಯ ಹತ್ತಿರ ಬಾಯಿ ಇಡಬೇಕು. ಕಿವಿ ಮಂದವಾದ ಹಿರಿಯರು ಆ ಸದ್ದಿನ ನಡುವೆ ಗೋಡೆಗೆ ಒರಗಿ ಸುಮ್ಮನೆ ಕುಳಿತಿರುವುದನ್ನು ನೋಡಿ ನಮಗೆ ಮರುಕವಾಯಿತು.

ಮೂರನೆಯ ದಿನ ಸಂಜೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಆ ನಿಶ್ಶಬ್ದದಲ್ಲಿ ನಾವು ಟಾರ್ಚು ಹುಡುಕುತ್ತಿರುವಾಗ ಬೀಗರು ನಗುತ್ತ, "ಬರ್ರಿ ಬೀಗರ, ಹೊರಗ ಕಟ್ಟಿ ಮ್ಯಾಲ ಕೂಡೂಣು. ಇನ್ನ ನಮ್ಮ ಹಿರಿಯಾರ ಸಾಲಿ ಸುರು ಆಗತೈತಿ" ಎಂದರು.

ನೋಡನೋಡುತ್ತಿದ್ದಂತೆ ನಾಲ್ಕಾರು ಮನೆಗಳಿಂದ ಅಜ್ಜಂದಿರು, ಅಜ್ಜಿಯರು ಕಟ್ಟೆಗೆ ಬಂದು ಕುಳಿತರು. ಹತ್ತು ಮಂದಿ ಇದ್ದಿರಬಹುದು. ಯಾರೂ ಕರೆದಿರಲಿಲ್ಲ. ಕರೆಂಟು ಹೋಗುವುದೇ ಅವರಿಗೆ ಗಂಟೆ ಬಾರಿಸಿದಂತೆ. ಅವರಲ್ಲಿ ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ. ಅರವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹೊಸಬರಾದ ನಮ್ಮನ್ನು ನೋಡಿ ಒಂದು ಒಗಟು ಎಸೆದರು:

"ಅತ್ತ ಓಡತೈತಿ, ಇತ್ತ ಓಡತೈತಿ, ಊರ ಬಿಟ್ಟ ಹೋಗೂದಿಲ್ಲ. ಹೊಟ್ಟ್ಯಾಗ ನೂಲ ಐತಿ, ಹೊಲ್ಯಾಕ ಬರೂದಿಲ್ಲ. ಏನು ಹೇಳ್ರಿ?"

ನಾವು ಪದವಿ ಪಡೆದವರೆಂಬ ಧೈರ್ಯದಿಂದ, ಓಡುವುದು ಎಂದಷ್ಟೇ ಕೇಳಿಸಿಕೊಂಡು, "ಬಸ್ಸು" ಎಂದೆವು.

"ಬಸ್ಸಿನ ಹೊಟ್ಟ್ಯಾಗ ನೂಲ ಇರತೈತೇನೊ ತಮ್ಮಾ?" ಎಂದು ಅಜ್ಜಿ ಕೇಳಿದಾಗ ಕಟ್ಟೆಯೆಲ್ಲ ನಕ್ಕಿತು. ಉತ್ತರ ಲಾಳಿ. ಹಗಲೆಲ್ಲ ಅದರ ಸದ್ದನ್ನು ಕೇಳಿಯೂ ನಮಗೆ ಹೊಳೆದಿರಲಿಲ್ಲ.

ಸೋತವರು ಒಂದು ಒಗಟು ಕೊಡಬೇಕೆಂಬುದು ಆ ಕಟ್ಟೆಯ ಕಾಯಿದೆ. ನಮಗೆ ನೆನಪಿದ್ದ ಒಗಟುಗಳೆಲ್ಲ ಆ ಕ್ಷಣಕ್ಕೆ ಮಾಯವಾದವು. ಕೊನೆಗೆ ನಮ್ಮ ಕಸುಬನ್ನೇ ನೆನೆದು ಅಲ್ಲಿಯೇ ಒಂದನ್ನು ಕಟ್ಟಿದೆವು: "ಹೂವು ಬಿಳಿ, ಹಣ್ಣು ಕೆಂಪು, ಬೀಜ ಹಸುರು, ನೀರು ಕಪ್ಪು, ಒಂದೇ ತಾಯಿಗೆ ನಾಲ್ಕು ಬಣ್ಣ." ಅವರಾರೂ ಕಾಫಿ ಗಿಡವನ್ನು ಕಂಡವರಲ್ಲ. ಹತ್ತಿ ಎಂದರು, ಮೆಣಸಿನಕಾಯಿ ಎಂದರು. ಬಹಳ ಹೊತ್ತಿನ ಮೇಲೆ ಒಬ್ಬ ಅಜ್ಜ, "ನೀರು ಕಪ್ಪು" ಎಂಬುದನ್ನೇ ಹಿಡಿದು, "ಕಾಫಿ ಏನ್ರಿ?" ಎಂದರು. ಆಮೇಲೆ ಅರ್ಧ ಗಂಟೆ ನಾವು ಹೂಮಳೆ, ಮರಗಸಿ, ಕಣದಲ್ಲಿ ಹಣ್ಣು ಒಣಗಿಸುವ ಬಗೆ ಎಲ್ಲವನ್ನೂ ವಿವರಿಸಬೇಕಾಯಿತು. ಒಂದು ಒಗಟಿನ ಹೊಟ್ಟೆಯಲ್ಲಿ ಒಂದು ಕಸುಬಿನ ತಿಳಿವಳಿಕೆಯೇ ಅಡಗಿರುತ್ತದೆಂಬುದು ನಮಗೆ ಅಂದು ಅರಿವಾಯಿತು.

ಊರ ಸರಪಳಿ

ಒಗಟಾದ ಮೇಲೆ ಊರ ಹೆಸರಿನ ಸರಪಳಿ. ಒಬ್ಬರು ಒಂದು ಊರು ಹೇಳಬೇಕು. ಅದರ ಕೊನೆಯ ಅಕ್ಷರದಿಂದ ಮುಂದಿನವರು ಇನ್ನೊಂದು ಊರು ಹೇಳಬೇಕು. ಕಾಗುಣಿತ ಯಾವುದಾದರೂ ಆಗಬಹುದು. ಮೂಲ ಅಕ್ಷರ ಒಂದಾದರೆ ಸಾಕು. ಅಂದು ನಡೆದ ಒಂದು ಸರಪಳಿ ಹೀಗಿತ್ತು: ಜಮಖಂಡಿ, ಡಂಬಳ, ಲೋಕಾಪುರ, ರಬಕವಿ, ವಿಜಯಪುರ, ರಾಯಬಾಗ, ಗಲಗಲಿ, ಲಕ್ಕುಂಡಿ. ಡಂಬಳದ ಕೊನೆ 'ಳ'. ಮುಂದಿನದು 'ಲ'ದಿಂದ ಹೇಗೆ ಬಂತೆಂದು ನಾವು ಕೇಳಿದೆವು. ಕನ್ನಡದಲ್ಲಿ 'ಳ', 'ಣ' ಮೊದಲಾದ ಅಕ್ಷರಗಳಿಂದ ಪದ ಶುರುವಾಗುವುದೇ ಇಲ್ಲವೆನ್ನಬಹುದು. ಆದ್ದರಿಂದ 'ಳ' ಬಂದರೆ 'ಲ', 'ಣ' ಬಂದರೆ 'ನ' ಎಂದು ಅವರೇ ರಿಯಾಯಿತಿ ಮಾಡಿಕೊಂಡಿದ್ದಾರೆ. ಇಲ್ಲದಿದ್ದರೆ ಮುಧೋಳ, ತೇರದಾಳ ಎಂದ ಕೂಡಲೇ ಆಟ ನಿಂತುಬಿಡುತ್ತದೆ! ಇನ್ನೊಂದು ತೊಡಕು 'ರ'. ಪುರ, ಊರು ಎಂದು ಮುಗಿಯುವ ಹೆಸರುಗಳು ನಮ್ಮ ನಾಡಿನಲ್ಲಿ ಎಣಿಸಲಾರದಷ್ಟಿವೆ. ಅದಕ್ಕೆ, ಅಂಥ ಹೆಸರನ್ನು ಒಬ್ಬರು ಒಂದೇ ಸಲ ಹೇಳಬಹುದೆಂದು ಇನ್ನೊಂದು ಕಾಯಿದೆ.

ಈ ಆಟದಲ್ಲಿ ಒಂದು ತಕರಾರು ಬಂತು. ಬೀಳಗಿಯ ಕಡೆಯಿಂದ ಬಂದು ಮಗಳ ಮನೆಯಲ್ಲಿರುವ ಒಬ್ಬ ಅಜ್ಜ ತಮ್ಮ ಹಳೆಯ ಊರಿನ ಹೆಸರು ಹೇಳಿದರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ತಾಲ್ಲೂಕಿನ ಹಳ್ಳಿಗಳು ಮುಳುಗಡೆಯಾದದ್ದು ಎಲ್ಲರಿಗೂ ತಿಳಿದದ್ದೇ. ಇವರ ಊರೂ ಅದರಲ್ಲಿ ಒಂದು. "ಆ ಊರ ಈಗ ಇಲ್ಲ. ಇಲ್ಲದ ಊರ ನಡ್ಯೂದಿಲ್ಲ" ಎಂದರೊಬ್ಬರು. ಅಜ್ಜ ಸಿಟ್ಟಾಗಲಿಲ್ಲ. "ಊರ ಮುಳುಗೇತಿ, ಹೆಸರ ಮುಳುಗಿಲ್ಲಲ್ಲ" ಎಂದರು. ಕಟ್ಟೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಎಲ್ಲರೂ ಒಪ್ಪಿದರು. ಅಜ್ಜ ಆ ಊರಿನ ಓಣಿ, ಗುಡಿ, ಹೊಲಗಳ ಹೆಸರನ್ನು ಒಂದೊಂದಾಗಿ ಹೇಳುತ್ತ ಹೋದರು. ಆಟ ನಿಂತದ್ದು ಯಾರಿಗೂ ಬೇಸರವಾಗಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರಿಗೆ ತೋಟ, ಮನೆ ಬಿಟ್ಟು ಬಂದವರು ನಮ್ಮ ಓದುಗರ ಮನೆಗಳಲ್ಲೂ ಇದ್ದಾರೆ. ಅವರ ಬಳಿ ಯಾರಾದರೂ ಕುಳಿತು ಆ ಊರುಗಳ ಹೆಸರು ಕೇಳಿದ್ದೇವೆಯೇ?

ಒಡಪು

ಕಡೆಯದು ಒಡಪು. ಮದುವೆ, ಸೀಮಂತಗಳಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಪ್ರಾಸದ ಮಾತಿನಲ್ಲಿ ಸೇರಿಸಿ ಹೇಳುವ ಪದ್ಧತಿ ಇದು. ಗಂಡನ ಹೆಸರನ್ನು ನೇರವಾಗಿ ಹೇಳಬಾರದೆಂಬ ಕಟ್ಟಳೆ ಇದ್ದ ಕಾಲದಲ್ಲಿ, ಹೆಸರು ಹೇಳಲು ಸಿಕ್ಕ ಒಂದೇ ಬಾಗಿಲು ಒಡಪು. ಮರಾಠಿಯವರಲ್ಲಿ ಇದೇ ಬಗೆಯದನ್ನು ಉಖಾಣೆ ಎನ್ನುತ್ತಾರೆ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. 1997ರಿಂದ ಬಾಗಲಕೋಟೆ ಜಿಲ್ಲೆ. ಎರಡು ಭಾಷೆ ಬೆರೆತ ಸೀಮೆ. ಆದ್ದರಿಂದ ಒಬ್ಬ ಅಜ್ಜಿ ಕನ್ನಡದಲ್ಲಿ ಒಡಪು ಹೇಳಿದರೆ ಇನ್ನೊಬ್ಬರು ಮರಾಠಿಯಲ್ಲಿ ಉಖಾಣೆ ಹೇಳಿದರು. ಮಾತಿಗೆ ಮಾತು ಕೊಡುವುದು ಈ ನೆಲಕ್ಕೆ ಹೊಸದಲ್ಲ. ಲಾವಣಿಯ ಹರದೇಶಿ–ನಾಗೇಶಿ ಮೇಳಗಳಲ್ಲಿ ಒಂದು ಪಕ್ಷ ಗಂಡು ಹೆಚ್ಚೆಂದು, ಇನ್ನೊಂದು ಪಕ್ಷ ಹೆಣ್ಣು ಹೆಚ್ಚೆಂದು ಸವಾಲು–ಜವಾಬು ಹಾಕಿ ರಾತ್ರಿಯೆಲ್ಲ ಹಾಡುವ ಸೀಮೆ ಇದು. ಹತ್ತನೆಯ ಶತಮಾನದ ರನ್ನ ಕವಿ ಹುಟ್ಟಿದ್ದು ಇದೇ ಮುಧೋಳದಲ್ಲಿ, ಬಳೆಗಾರರ ಮನೆಯಲ್ಲಿ.

ಮುತ್ತೈದೆಯರೆಲ್ಲ ಒಬ್ಬೊಬ್ಬರಾಗಿ ಒಡಪು ಹೇಳಿದರು. ನಮಗೆ ಒಗಟು ಹಾಕಿದ ಅಜ್ಜಿಯ ಸರದಿ ಬಂದಾಗ ಪಕ್ಕದವರು ಅವರನ್ನು ದಾಟಿ ಮುಂದೆ ಹೋದರು. ಅಜ್ಜಿಯ ಯಜಮಾನರು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಗಂಡ ಇಲ್ಲದವರು ಒಡಪು ಹೇಳುವುದಿಲ್ಲ, ಅದು ರೂಢಿ. ಯಾರೂ ಅವರನ್ನು ನೋಯಿಸಬೇಕೆಂದು ಮಾಡಿದ್ದಲ್ಲ. ಆದರೆ ಅಜ್ಜಿ ಆ ದಿನ ಕೈ ಎತ್ತಿದರು.

"ಮುಳುಗಿದ ಊರಿನ ಹೆಸರ ನಡ್ಯೂದಾದ್ರ, ನನ್ನ ಗಂಡನ ಹೆಸರ ಯಾಕ ನಡ್ಯೂದಿಲ್ಲ?"

ಯಾರ ಬಳಿಯೂ ಉತ್ತರವಿರಲಿಲ್ಲ. ಅಜ್ಜಿ ಸೆರಗು ಸರಿಪಡಿಸಿಕೊಂಡು, ಮಗ್ಗಕ್ಕೆ ಲಾಳಿ ಚಂದ, ಲಾಳಿಗೆ ನೂಲು ಚಂದ ಎಂದು ಶುರುಮಾಡಿ ಕೊನೆಯಲ್ಲಿ ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಿದರು. ಓಣಿಯ ಆಚೆ ಬದಿಗೂ ಕೇಳಿಸಿತು. ಅದೇ ಹೊತ್ತಿಗೆ ಕರೆಂಟು ಬಂದು ಮಗ್ಗಗಳು ಮತ್ತೆ ಖಟಖಟ ಎಂದವು. ಎಲ್ಲರೂ ಎದ್ದು ಮನೆಗೆ ಹೋದರು.

ನಮ್ಮ ಸುಲಿತದ ಚಪ್ಪರ ಏನಾಯಿತು?

ಊರಿಗೆ ಮರಳುವ ಬಸ್ಸಿನಲ್ಲಿ ನಮ್ಮ ಮನೆಯವರು ಒಂದು ಪ್ರಶ್ನೆ ಕೇಳಿದರು: "ನಮ್ಮಲ್ಲೂ ಇದೆಲ್ಲ ಇತ್ತಲ್ಲ, ಎಲ್ಲಿಗೆ ಹೋಯಿತು?"

ಉತ್ತರ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಕೊನೆಗೌಡ ಕೊನೆ ಇಳಿಸಿದ ರಾತ್ರಿ, ಅಡಿಕೆ ಸುಲಿಯುವ ಚಪ್ಪರದಲ್ಲಿ ಇಪ್ಪತ್ತು ಮಂದಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಿದ್ದರು. ಕೈ ತನ್ನ ಪಾಡಿಗೆ ಸುಲಿಯುತ್ತಿತ್ತು; ಬಾಯಿ ಬಿಡುವಾಗಿತ್ತು. ನಿದ್ದೆ ಬಾರದಿರಲೆಂದು ಒಗಟು, ಕತೆ, ಹಾಡು, ಒಬ್ಬರನ್ನೊಬ್ಬರು ಛೇಡಿಸುವುದು. ನಾವು ಚಿಕ್ಕವರಿದ್ದಾಗ ಕಲಿತ ಅರ್ಧ ಕನ್ನಡ ಆ ಚಪ್ಪರದ್ದು. ಈಗ ಸುಲಿಯುವ ಯಂತ್ರ ಬಂದಿದೆ. ಆಳು ಸಿಗದ ಕಾಲದಲ್ಲಿ ಅದು ನಮ್ಮನ್ನು ಉಳಿಸಿದೆ. ಅದರ ಮೇಲೆ ದೂರು ಹೇಳಿದರೆ ನಾಲಿಗೆ ಬಿದ್ದೀತು. ಆದರೆ ಯಂತ್ರದ ಮುಂದೆ ಯಾರೂ ಒಗಟು ಹೇಳುವುದಿಲ್ಲ. ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗ ಮಾಡಿದ್ದನ್ನೇ ನಮ್ಮಲ್ಲಿ ಸುಲಿಯುವ ಯಂತ್ರ ಮಾಡಿದೆ. ಅಲ್ಲಿ ಕರೆಂಟಾದರೂ ಆಗಾಗ ಹೋಗಿ ಉಪಕಾರ ಮಾಡುತ್ತದೆ. ನಮ್ಮಲ್ಲಿ ಕರೆಂಟು ಹೋದರೆ ಮನೆಗೊಂದು ಬ್ಯಾಟರಿ!

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷದ ಹಿಂದೆ ಹಿರಿಯ ಸದಸ್ಯರ ದಿನದಂದು ನಾವೇ ಮುಂದೆ ನಿಂತು ಪದಬಂಧದ ಹಾಳೆಗಳನ್ನು ಮುದ್ರಿಸಿ ಹಂಚಿದ್ದೆವು. ಚಿಕ್ಕ ಅಕ್ಷರ, ಇಪ್ಪತ್ತು ನಿಮಿಷದ ಗಡುವು, ಗೆದ್ದವರಿಗೆ ಸ್ಟೀಲ್ ಡಬ್ಬಿ. ಹತ್ತು ಮಂದಿ ಬರೆದರು. ಉಳಿದವರು ಹಾಳೆಯನ್ನು ಮಡಿಸಿ ಜೇಬಿಗೆ, ಸೊಂಟಕ್ಕೆ ಸೇರಿಸಿ ಕಾಫಿ ಕುಡಿದು ಹೋದರು. ಕನ್ನಡಕ ತಂದಿಲ್ಲವೆಂದು ಹಲವರು ಹೇಳಿದರು. ಓದು ಬಾರದೆಂಬುದನ್ನು ಹೇಳುವ ಬಗೆ ಅದು ಎಂದು ನಮಗೆ ಆಗ ಹೊಳೆಯಲಿಲ್ಲ. ಅಂದು ಹಾಳೆ ಮಡಿಸಿದವರಲ್ಲಿ ನಮ್ಮ ತಾಯಿಯವರೂ ಒಬ್ಬರು.

ಅಕ್ಷರ ಬಲ್ಲವರಿಗೆ

ಹಾಗೆಂದು ಅಕ್ಷರದಾಟ ಬೇಡವೆಂದಲ್ಲ. ಬಾಯಿಯ ಆಟ ಎಲ್ಲರಿಗೂ, ಅಕ್ಷರದ ಆಟ ಬೇಕೆಂದವರಿಗೆ ಎಂಬ ಕ್ರಮವಿರಬೇಕು. ಇಂಗ್ಲಿಷಿನ ಆಟವನ್ನು ಹಾಗೆಯೇ ತಂದರೆ ಕನ್ನಡಕ್ಕೆ ಒಗ್ಗುವುದಿಲ್ಲ ಎಂಬುದೂ ನೆನಪಿರಲಿ. 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಮೊದಲ ಪದಬಂಧ ಬಂದಾಗ ಒಂದು ಮನೆಗೆ ಒಂದು ಅಕ್ಷರ. ಇಪ್ಪತ್ತಾರೇ ಅಕ್ಷರದಲ್ಲಿ ಕೆಲಸ ಮುಗಿಯಿತು. ನಮ್ಮಲ್ಲಿ ಸ್ವರ 13, ವ್ಯಂಜನ 34. ಪ್ರತಿ ವ್ಯಂಜನಕ್ಕೂ ಅನುಸ್ವಾರ, ವಿಸರ್ಗ ಸೇರಿ 15 ಕಾಗುಣಿತ ರೂಪವೆಂದರೂ 510. ಒತ್ತಕ್ಷರ ಸೇರಿದರೆ ಸಾವಿರಗಟ್ಟಲೆ. ಆದ್ದರಿಂದ ಕನ್ನಡ ಪದಬಂಧದಲ್ಲಿ 'ಕ್ಷ್ಮೀ' ಎಂಬಷ್ಟು ದೊಡ್ಡ ಅಕ್ಷರಕ್ಕೂ ಒಂದೇ ಮನೆ. ಇದು ತೊಂದರೆಯಂತೆ ಕಂಡರೂ ಆಟಕ್ಕೆ ಅನುಕೂಲವೇ. ನಾವು ಉಚ್ಚರಿಸುವಂತೆಯೇ ಅಕ್ಷರ ಇರುವುದರಿಂದ ಓದು ಬಾರದವರೂ ಕೆಲವು ಅಕ್ಷರದಾಟಗಳನ್ನು ಕಿವಿಯಿಂದಲೇ ಆಡಬಲ್ಲರು. ಮೂರನ್ನು ಹೇಳುತ್ತೇವೆ.

ಒಂದು, ಹಿಂದುಮುಂದಿನ ಪದ. ತಿರುಗಿಸಿ ಹೇಳಿದರೂ ಅದೇ ಬರಬೇಕು: ಕನಕ, ನಯನ, ಚಮಚ, ಕಿಟಕಿ, ಗುಡುಗು, ಕುಲುಕು. ಊರಿನಲ್ಲಿ ಗದಗ. ಐದಕ್ಷರದಲ್ಲಿ ವಿಕಟಕವಿ. ಮನೆಯೊಳಗೆ ಕುಳಿತು ಸುತ್ತ ನೋಡಿದರೆ ಇನ್ನೂ ಸಿಗುತ್ತವೆ.

ಎರಡು, ಕಾಗುಣಿತದ ತೋಟ. ಒಂದು ವ್ಯಂಜನ ಹಿಡಿದು ಕಾಗುಣಿತದ ಸಾಲಿನಲ್ಲಿ ಒಬ್ಬೊಬ್ಬರು ಒಂದೊಂದು ಪದ: ಕಣ, ಕಾಫಿ, ಕಿವಿ, ಕೀಟ, ಕುಯಿಲು, ಕೂಲಿ, ಕೃಷಿ, ಕೆರೆ, ಕೇರಿ, ಕೈ, ಕೊನೆ, ಕೋಲು. 'ಕೌ' ಬಂದಾಗ ನಾವು ತಡವರಿಸಿದೆವು. ಬನಹಟ್ಟಿಯ ಅಜ್ಜಿ ಥಟ್ಟನೆ "ಕೌದಿ" ಎಂದರು. ಹಳೆಯ ಸೀರೆಗಳ ತುಂಡುಗಳನ್ನು ಸೇರಿಸಿ ಕೈಯಿಂದ ಹೊಲಿಯುವ ಹೊದಿಕೆ ಅದು.

ಮೂರು, ಪದದೊಳಗಿನ ಪದ. 'ಸಹಕಾರ' ಎಂಬ ನಮ್ಮದೇ ಪದ ತೆಗೆದುಕೊಳ್ಳಿ. ಅದರ ನಾಲ್ಕು ಅಕ್ಷರಗಳಿಂದ ಸರ, ರಸ, ಹರ, ಸಹ, ಕಾರ. ಸಹಕಾರದೊಳಗೆ ಖಾರವೂ ಇದೆಯೆಂದು ನಮ್ಮ ಒಬ್ಬ ನಿರ್ದೇಶಕರು ತಮಾಷೆ ಮಾಡಿದರು. ಆ ಖಾರದ ಅಕ್ಷರ ಬೇರೆ, ಒಪ್ಪುವುದಿಲ್ಲವೆಂದು ನಾವು ತಳ್ಳಿಹಾಕಬೇಕಾಯಿತು.

ಇದಲ್ಲದೆ ಕಸುಬಿನ ಮಾತಿನ ಆಟವೂ ಇದೆ. ಅಡಿಕೆಯದೇ ಪದಗಳನ್ನು ಒಬ್ಬೊಬ್ಬರು ಹೇಳುತ್ತ ಹೋಗುವುದು: ಹಾಳೆ, ಸೋಗೆ, ದಬ್ಬೆ, ಸಿಂಗಾರ, ಚೊಗರು, ಚಾಲಿ, ರಾಶಿ, ಬೆಟ್ಟೆ, ಸರಕು, ಗೊರಬಲು. ಕೊಟ್ಟೆ ಕಟ್ಟುವುದನ್ನು ಕಣ್ಣಾರೆ ಕಂಡವರು ಇನ್ನು ಎಷ್ಟು ಮಂದಿ ಉಳಿದಿದ್ದಾರೆ? ಹಿರಿಯರು ಹೇಳುವ ಪದಗಳನ್ನು ಕಿರಿಯರೊಬ್ಬರು ಬರೆದುಕೊಂಡರೆ ಅದೊಂದು ಪದಕೋಶವೇ ಆದೀತು. 1931ರಲ್ಲಿ 'ಗರತಿಯ ಹಾಡು' ಅಚ್ಚಾದದ್ದು ವಿಜಯಪುರದ ಸೀಮೆಯ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಯ ಹಾಡುಗಳನ್ನು ಕೇಳಿ ಬರೆದುಕೊಂಡದ್ದರಿಂದ. ಕೇಳುವವರು ಇಲ್ಲದಿದ್ದರೆ ಅದೂ ಉಳಿಯುತ್ತಿರಲಿಲ್ಲ.

ಇದು ಔಷಧವಲ್ಲ

ಇಷ್ಟು ಓದಿದ ಮೇಲೆ ಕೆಲವರು, ಮರೆವಿನ ಕಾಯಿಲೆಗೆ ಇದು ಮದ್ದೇ ಎಂದು ಕೇಳಬಹುದು. ಹಾಗೆ ಹೇಳಿ ಮಾರುವವರೂ ಇದ್ದಾರೆ. ನಾವು ಗೊಬ್ಬರದ ಚೀಲದ ಮೇಲಿನ ಬರಹವನ್ನು ಪರೀಕ್ಷಿಸುವಂತೆಯೇ ಇದನ್ನೂ ಪರೀಕ್ಷಿಸಬೇಕು.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಬುದ್ಧಿ ಮಂಕಾಗುವ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ 75 ದಾಟಿದ 469 ಮಂದಿಯನ್ನು ಹಲವು ವರ್ಷ ಗಮನಿಸಿ 2003ರಲ್ಲಿ ವರದಿ ಮಾಡಿದರು. ಓದು, ಮಣೆಯಾಟ, ವಾದ್ಯ, ಕುಣಿತ ಇಟ್ಟುಕೊಂಡವರಲ್ಲಿ ಈ ಕಾಯಿಲೆ ಕಡಿಮೆ ಕಂಡಿತ್ತು. ಆದರೆ ಆಟ ಆಡಿದ್ದರಿಂದ ಕಾಯಿಲೆ ಬರಲಿಲ್ಲವೋ, ಕಾಯಿಲೆ ಒಳಗೊಳಗೇ ಶುರುವಾದವರು ಮೊದಲು ಆಟ ಬಿಟ್ಟರೋ ಎಂಬುದು ಇಂಥ ಲೆಕ್ಕದಿಂದ ಇತ್ಯರ್ಥವಾಗುವುದಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2002ರಲ್ಲಿ, ಅಮೆರಿಕದಲ್ಲಿಯೇ 65ರಿಂದ 94 ವರ್ಷದ 2,832 ಮಂದಿಗೆ ನೆನಪು, ತರ್ಕ, ಚುರುಕುತನಗಳ ತರಬೇತಿ ಕೊಟ್ಟ ಪ್ರಯೋಗದ ಫಲಿತಾಂಶ ಬಂದಿತ್ತು. ಯಾವುದನ್ನು ಅಭ್ಯಾಸ ಮಾಡಿದರೋ ಅದರಲ್ಲಿ ಸುಧಾರಿಸಿದರು. ದಿನನಿತ್ಯದ ಕೆಲಸದಲ್ಲಿ ಆಗ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಆದ್ದರಿಂದ ನಮ್ಮ ಮಾತು ಇಷ್ಟೇ. ಒಗಟು ಹೇಳಿದರೆ ಒಗಟು ಹೇಳಲು ಬರುತ್ತದೆ. ಮರೆವು ಹೆಚ್ಚುತ್ತಿದ್ದರೆ, ದಾರಿ ತಪ್ಪುತ್ತಿದ್ದರೆ, ಹಣದ ಲೆಕ್ಕ ಹಿಡಿತ ತಪ್ಪುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಆಟ ಆಡಿಸುತ್ತ ಕಾಲ ಕಳೆಯಬಾರದು. ಕಿವಿ ಮಂದವಾಗಿದ್ದರೆ ಅದನ್ನು ಮೊದಲು ಪರೀಕ್ಷಿಸಬೇಕು. ಕೇಳಿಸದವರನ್ನು ಮರೆವಿನವರೆಂದು ತಿಳಿಯುವ ತಪ್ಪು ಮನೆಮನೆಯಲ್ಲೂ ಆಗುತ್ತದೆ. ಆಟದಿಂದ ಖಂಡಿತವಾಗಿ ಆಗುವುದು ಒಂದೇ: ಒಂಟಿಯಾಗಿ ಕುಳಿತವರು ಒಂದು ಗಂಟೆ ಒಂಟಿಯಾಗಿರುವುದಿಲ್ಲ.

ನಡೆಸುವ ಕ್ರಮ

ಬನಹಟ್ಟಿಯಲ್ಲಿ ಕಂಡದ್ದು, ನಮ್ಮಲ್ಲಿ ನಾಲ್ಕು ತಿಂಗಳಿನಿಂದ ಮಾಡಿ ನೋಡಿದ್ದು ಎರಡನ್ನೂ ಸೇರಿಸಿ ಕೆಲವು ಸೂಚನೆಗಳು:

1. ಆರರಿಂದ ಹತ್ತು ಮಂದಿ ಸಾಕು. ಸುತ್ತಾಗಿ, ಹತ್ತಿರ ಹತ್ತಿರ ಕೂರಬೇಕು. ಫ್ಯಾನು, ಟೆಲಿವಿಷನ್, ಮಿಕ್ಸರ್ ಯಾವ ಸದ್ದೂ ಇರಬಾರದು. ಕಿವಿ ಮಂದವಾದವರು ಮಾತನಾಡುವವರ ಮುಖ ಕಾಣುವಂತೆ ಕೂರಲಿ.

2. ಮುಕ್ಕಾಲು ಗಂಟೆ ಮಾತ್ರ. ಮೊದಲು ಬಾಯಿಯ ಆಟ, ನಡುವೆ ಕಾಫಿ, ಆಮೇಲೆ ಬೇಕಾದವರಿಗೆ ಅಕ್ಷರದಾಟ.

3. ಅಂಕ ಬೇಡ, ಬಹುಮಾನ ಬೇಡ, ಗಡಿಯಾರ ಬೇಡ. ಇಬ್ಬಿಬ್ಬರ ಜೋಡಿ ಮಾಡಿ. ಓದು ಬಲ್ಲವರೊಬ್ಬರು, ಒಗಟು ಬಲ್ಲವರೊಬ್ಬರು.

4. ಉತ್ತರಕ್ಕೆ ಕಾಯಬೇಕು. ಹಿರಿಯರ ನೆನಪು ಬಾವಿಯ ನೀರಿನಂತೆ. ಹಗ್ಗ ಉದ್ದ ಬೇಕು. ಬಾಯಿತುದಿಯಲ್ಲಿರುವ ಪದವನ್ನು ಕಿರಿಯರು ಕಿತ್ತುಕೊಂಡು ಹೇಳಬಾರದು.

5. ಅಕ್ಷರದ ಚೂರುಗಳನ್ನು ಅಂಗಡಿಯಲ್ಲಿ ಹುಡುಕಬೇಡಿ. ಒಣಗಿದ ಅಡಿಕೆ ಹಾಳೆಯನ್ನು ಅಂಗೈಯಷ್ಟು ಚೌಕವಾಗಿ ಕತ್ತರಿಸಿ, ಭಾರ ಹೇರಿ ಚಪ್ಪಟೆ ಮಾಡಿ, ಕಪ್ಪು ಬಣ್ಣದಲ್ಲಿ ದಪ್ಪಗೆ ಬರೆಯಿರಿ. ನಾವು 120 ಚೂರು ಮಾಡಿಸಿದ್ದೇವೆ. ಪ್ರತಿಯೊಂದರಲ್ಲೂ ಕಾಗುಣಿತ ಸೇರಿದ ಪೂರ್ಣ ಅಕ್ಷರ.

6. ಸರಿ ತಪ್ಪಿನ ಜಗಳ ಬಂದರೆ ಗುಂಪಿನ ಹಿರಿಯರ ತೀರ್ಪೇ ಕೊನೆ. ನಮ್ಮ ಊರಿನ ಮಾತು, ಕೇರಿಯ ಮಾತು ಎಲ್ಲವೂ ನಡೆಯುತ್ತದೆ. ನಿಘಂಟು ತೆರೆಯಕೂಡದು.

7. ಯಾರನ್ನೂ ದಾಟಿ ಮುಂದೆ ಹೋಗಬಾರದು.

ಮನೆಯ ಮಾತು

ಈ ಏಳನೆಯ ಸೂಚನೆಯ ಹಿಂದೆ ಒಂದು ಸಂಗತಿ ಇದೆ. ಅದನ್ನು ಹೇಳಿ ಮುಗಿಸುತ್ತೇವೆ.

ನಮ್ಮ ತಾಯಿಯವರಿಗೆ ಎಂಬತ್ತೊಂದು. ತಂದೆಯವರು ತೀರಿಕೊಂಡ ಮೂರು ವರ್ಷದಿಂದ ಅವರ ಮಾತು ಕಡಿಮೆಯಾಗುತ್ತ ಬಂದು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಊಟ ಆಯಿತೇ ಎಂದರೆ ತಲೆ ಆಡಿಸುವರು. ವಯಸ್ಸಾಯಿತು ಎಂದು ನಾವೂ ಸುಮ್ಮನಿದ್ದೆವು. ಬನಹಟ್ಟಿಯಿಂದ ಬಂದು ಸಂಘದಲ್ಲಿ ಮೊದಲ ಸಲ ಹಿರಿಯರನ್ನು ಸೇರಿಸಿದಾಗ ಅವರನ್ನೂ ಕರೆದುಕೊಂಡು ಹೋದೆವು. ಮೊದಲೆರಡು ಸಲ ಅವರು ಬಾಯಿ ಬಿಡಲಿಲ್ಲ. ಮೂರನೆಯ ಸಲ ನಮ್ಮ ಮನೆಯವರು ಬನಹಟ್ಟಿಯ ಒಡಪಿನ ಕತೆ ಹೇಳಿ, ಹೆಂಗಸರನ್ನೆಲ್ಲ ಹೆಸರು ಹೇಳಲು ಕೇಳಿದರು. ಸರದಿ ಬರುತ್ತ ಬರುತ್ತ ತಾಯಿಯವರ ಬಳಿಗೆ ಬಂತು. ಯಾರೂ ದಾಟಿ ಹೋಗಲಿಲ್ಲ. ಎಲ್ಲರೂ ಕಾದರು. ಬಹಳ ಹೊತ್ತಾಯಿತು.

"ಕಾಫಿ ಗಿಡಕ್ಕೆ ನೆರಳು ಬೇಕು, ಅಡಿಕೆ ಮರಕ್ಕೆ ನೀರು ಬೇಕು," ಎಂದರು ತಾಯಿ. ಸ್ವಲ್ಪ ತಡೆದು, "ನಾನು ಕರೆದರೆ ಓಗೊಡಲಿಕ್ಕೆ" ಎಂದು, ನಮ್ಮ ತಂದೆಯವರ ಹೆಸರನ್ನು ಪೂರ್ತಿಯಾಗಿ ಹೇಳಿ, "ಬೇಕು" ಎಂದು ಮುಗಿಸಿದರು.

ನಮಗೆ ಐವತ್ತಾರು ವರ್ಷ. ತಂದೆಯವರ ಹೆಸರನ್ನು ತಾಯಿಯ ಬಾಯಿಂದ ಕೇಳಿದ್ದು ಅದೇ ಮೊದಲು.

ಇದರಿಂದ ಅವರು ಬದಲಾಗಿಬಿಟ್ಟರೆಂದು ನಾವು ಹೇಳುವುದಿಲ್ಲ. ಮಾತ್ರೆ ತೆಗೆದುಕೊಂಡದ್ದು ಈಗಲೂ ಮರೆಯುತ್ತದೆ. ಮೊಮ್ಮಗಳ ಹೆಸರು ಒಮ್ಮೊಮ್ಮೆ ತಪ್ಪುತ್ತದೆ. ಆದರೆ ಸಭೆಯ ಹಿಂದಿನ ದಿನ ಸಂಜೆ, "ನಾಳೆ ಹೋಗುವುದಿದೆಯಲ್ಲ" ಎಂದು ಅವರೇ ಕೇಳುತ್ತಾರೆ. ಕಳೆದ ವಾರ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವುತ್ತಿದ್ದಾಗ ನಮ್ಮನ್ನು ಕರೆದು ಒಂದು ಒಗಟು ಕೊಟ್ಟರು: "ಮರದಲ್ಲಿ ಹಸುರು, ಹಂಡೆಯಲ್ಲಿ ಕೆಂಪು, ಎಲೆಯ ಮನೆಗೆ ಹೋದರೆ ಊರೆಲ್ಲ ಕೆಂಪು." ನಾವು ಬೇಕೆಂದೇ ಸ್ವಲ್ಪ ಹೊತ್ತು ತಿಳಿಯದವರಂತೆ ನಟಿಸಿದೆವು. ಅವರಿಗೆ ಅದೂ ತಿಳಿಯಿತು. "ಸುಳ್ಳು ಸೋಲು ಸೋಲಬೇಡ" ಎಂದರು.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ: ಪ್ರತಿ ತಿಂಗಳ ಮೊದಲ ಗುರುವಾರ ಮಧ್ಯಾಹ್ನ 3 ಗಂಟೆಗೆ, ಸಂಘದ ಗೊಬ್ಬರದ ಗೋದಾಮಿನ ಪಕ್ಕದ ಕೋಣೆಯಲ್ಲಿ ಹಿರಿಯರ ಕೂಟ ಇರುತ್ತದೆ. ಕಾಫಿ ಸಂಘದ್ದು. ಹಾಲು ತರಲು ಬರುವವರು, ಔಷಧಿ ಸಿಂಪಡಿಸುವ ಪಂಪು ಕೇಳಲು ಬರುವವರು ಮನೆಯ ಹಿರಿಯರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಬನ್ನಿ. ದೂರದ ಊರಿನವರು ನಿಮ್ಮ ಕೇರಿಯಲ್ಲೇ ಆರು ಮಂದಿಯನ್ನು ಸೇರಿಸಿಕೊಳ್ಳಿ. ಹಾಳೆಯ ಚೂರುಗಳ ಒಂದು ಕಟ್ಟನ್ನು ಸಂಘದಿಂದ ಉಚಿತವಾಗಿ ಕೊಡುತ್ತೇವೆ. ನಿಮ್ಮ ಮನೆಯ ಹಿರಿಯರು ಹೇಳಿದ ಒಗಟು, ತೋಟದ ಹಳೆಯ ಮಾತು ಏನಿದ್ದರೂ ಒಂದು ಚೀಟಿಯಲ್ಲಿ ಬರೆದು ಕಚೇರಿಯ ಡಬ್ಬಿಗೆ ಹಾಕಿ. ಮುಂದಿನ ಸಂಚಿಕೆಯಿಂದ ಒಂದೊಂದಾಗಿ ಅಚ್ಚುಹಾಕುತ್ತೇವೆ. ಹೇಳಿದವರ ಹೆಸರು ಬರೆಯಲು ಮರೆಯಬೇಡಿ.